ಗೂಗಲ್‌ನಲ್ಲಿ ನಮ್ಮ ಹಪ್ಪಳದ ಅಂಗಡಿಯ ಹೆಸರಿನಡಿ ಜಪಾನಿ ಬರಹ ಕಾಣುತ್ತಿದೆ. ಮೊದಲು ಏನು ಸರಿಪಡಿಸಲಿ?

ಕಲ್ಯಾಣಪುರದವಳು:

ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ತಿರ ಕಲ್ಯಾಣಪುರದಲ್ಲಿ ನಮ್ಮದು ಹಪ್ಪಳ, ಸಂಡಿಗೆಯ ಗೃಹೋದ್ಯಮ. ಅತ್ತೆ ಆರಂಭಿಸಿದ್ದು, ಈಗ ನೆರೆಕರೆಯ ಹೆಂಗಸರೂ ಸೇರಿ ನಡೆಸುತ್ತಿದ್ದೇವೆ. ಹಲಸಿನ ಹಪ್ಪಳ, ಮರಗೆಣಸಿನ ಹಪ್ಪಳ, ಬಾಳಕದ ಮೆಣಸು, ಮಾಂಬಳ, ಸಾರಿನ ಪುಡಿ, ಹುಳಿ ಪುಡಿ, ಪುನರ್ಪುಳಿ ಇಷ್ಟು ನಮ್ಮ ಸರಕು. ಬೇಸಿಗೆಯ ಬಿಸಿಲಿನಲ್ಲಿ ಒಣಗಿಸಿ ಡಬ್ಬಿ ತುಂಬಿಸಿಟ್ಟದ್ದು ಖರ್ಚಾಗುವುದು ಮಳೆಗಾಲದಲ್ಲಿ, ಆಟಿ ತಿಂಗಳಿನಿಂದ ಚೌತಿಯವರೆಗೆ. ಕೊಳ್ಳುವವರಲ್ಲಿ ಹೆಚ್ಚಿನವರು ಮುಂಬೈ, ಬೆಂಗಳೂರು ಮತ್ತು ಗಲ್ಫ್‌ನಲ್ಲಿರುವ ನಮ್ಮ ಕಡೆಯವರೇ. ಅವರಿಗೆ ನಮ್ಮ ಅಂಗಡಿ ಎಂದರೆ ನಮ್ಮ ವೆಬ್‌ಸೈಟ್.

ಈಗ ಮೂರು ತೊಂದರೆಗಳು ಒಟ್ಟಿಗೆ ಬಂದಿವೆ. ಚೌತಿಗೆ ಮೊದಲು ಬೇಡಿಕೆ ಏರುವ ಹೊತ್ತಿಗೆ ಸರಿಯಾಗಿ ವೆಬ್‌ಸೈಟ್ ನಿಂತುಬಿಡುತ್ತದೆ. ‘508, ಸಂಪನ್ಮೂಲದ ಮಿತಿ ಮುಗಿದಿದೆ’ ಎಂಬ ಅರ್ಥದ ಸಂದೇಶ ಬರುತ್ತದೆ. ಉಳಿದ ದಿನಗಳಲ್ಲೂ ಮೊಬೈಲ್‌ನಲ್ಲಿ ಮುಖಪುಟ ತೆರೆದುಕೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ. ಇವೆರಡನ್ನೂ ಹೇಗೋ ಸಹಿಸಿಕೊಂಡಿದ್ದೆವು. ಆದರೆ ಕಳೆದ ವಾರ ಮುಂಬೈಯ ಹಳೆಯ ಗಿರಾಕಿಯೊಬ್ಬರು ಕರೆ ಮಾಡಿ, ಗೂಗಲ್‌ನಲ್ಲಿ ಹುಡುಕಿದರೆ ನಿಮ್ಮ ವಿಳಾಸದ ಕೆಳಗೆ ಜಪಾನಿ ಅಕ್ಷರಗಳು ಬರುತ್ತಿವೆ, ಕೈಚೀಲ, ಶೂಗಳ ಚಿತ್ರ ಕಾಣುತ್ತಿದೆ, ಹಣ ಕಳುಹಿಸಲು ಭಯವಾಗುತ್ತದೆ ಎಂದರು. ಆ ಮಾತು ಕೇಳಿದಾಗಿನಿಂದ ನನಗೆ ನೆಮ್ಮದಿಯಿಲ್ಲ. ಅತ್ತೆಯ ಹೆಸರಿನ ಮೇಲೆ ನಂಬಿಕೆಯಿಟ್ಟು ಕೊಳ್ಳುವ ಜನ ಅವರು.

ವೆಬ್‌ಸೈಟ್ ಮಾಡಿಕೊಟ್ಟವರನ್ನು ಕೇಳಿದರೆ, ಎಲ್ಲವನ್ನೂ ಹೊಸತಾಗಿ ಮಾಡಬೇಕು, ದೊಡ್ಡ ಸರ್ವರ್ ಬೇಕು, ವರ್ಷಕ್ಕೆ ಐವತ್ತು ಸಾವಿರ ಕೊಡಿ ಎನ್ನುತ್ತಾರೆ. ನಮ್ಮಂಥವರಿಗೆ ಅದು ಸಣ್ಣ ಮೊತ್ತವಲ್ಲ. ವರ್ಡ್‌ಪ್ರೆಸ್ ಎಂಬ ವೆಬ್‌ಸೈಟ್ ಕಟ್ಟುವ ತಂತ್ರಾಂಶದಲ್ಲಿ ಮಾಡಿದ ಸೈಟ್ ಇದು. ತಿಳಿದವರು ದಯವಿಟ್ಟು ಹೇಳಿ: ಮೊದಲು ಯಾವುದನ್ನು ಹಿಡಿಯಬೇಕು? ದೊಡ್ಡ ಸರ್ವರ್ ನಿಜವಾಗಿಯೂ ಬೇಕೇ?

ಬಿಜೈ ಸರ್ವರ್‌ಕೋಣೆ:

ಅಕ್ಕ, ದೊಡ್ಡ ಸರ್ವರ್‌ಗೆ ಈಗ ಒಂದು ರೂಪಾಯಿಯನ್ನೂ ಕೊಡಬೇಡಿ. ಮಂಗಳೂರಿನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ, ಆ ಅನುಭವದಿಂದ ಹೇಳುತ್ತೇನೆ. ನೀವು ಮೂರು ತೊಂದರೆ ಎಂದಿರಿ. ಮೂರಕ್ಕೂ ಬೇರು ಒಂದೇ ಇರುವಂತೆ ಕಾಣುತ್ತದೆ: ಹಪ್ಪಳ ಮಾರುವ ಸೈಟಿಗೆ ಬೇಕಾದುದಕ್ಕಿಂತ ಬಹಳ ಹೆಚ್ಚು ಸಾಮಾನು ಅದರೊಳಗೆ ತುಂಬಿದೆ, ಅದರಲ್ಲಿ ಯಾವುದು ಯಾರದೆಂದು ಯಾರಿಗೂ ಗೊತ್ತಿಲ್ಲ.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ನಿಮ್ಮ ಸೈಟಿನಲ್ಲಿ ಯುಪಿಐ ಕ್ಯೂಆರ್ ಕೋಡ್ ಇದ್ದರೆ ಅದನ್ನು ನಿಮ್ಮದೇ ಮೊಬೈಲ್‌ನಿಂದ ಸ್ಕ್ಯಾನ್ ಮಾಡಿ, ಬರುವ ಹೆಸರು ನಿಮ್ಮದೇ ಎಂದು ನೋಡಿಕೊಳ್ಳಿ. ಒಳಗೆ ಹೊಕ್ಕವನಿಗೆ ಜಪಾನಿ ಪುಟ ಸೇರಿಸಲು ಸಾಧ್ಯವಾಗಿದ್ದರೆ ಆ ಚಿತ್ರ ಬದಲಿಸಲೂ ಸಾಧ್ಯ. ಬ್ಯಾಂಕ್ ಖಾತೆ ಸಂಖ್ಯೆ, ವಾಟ್ಸಾಪ್ ಸಂಖ್ಯೆ, ಪೇಮೆಂಟ್ ಗೇಟ್‌ವೇ ಕೀಲಿ ಎಲ್ಲವನ್ನೂ ಹೀಗೆಯೇ ಪರಿಶೀಲಿಸಿ. ಸ್ವಲ್ಪ ಅನುಮಾನವಿದ್ದರೂ ಹಣ ಪಡೆಯುವ ಪುಟವನ್ನು ತಾತ್ಕಾಲಿಕವಾಗಿ ಮುಚ್ಚಿ. ಯಾರದಾದರೂ ಹಣ ಹೋಗಿದೆ ಎಂದು ತಿಳಿದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು ತಡ ಮಾಡಬಾರದು.

ಇನ್ನು ಜಪಾನಿ ಬರಹದ ವಿಷಯ. ಇದು ಹಳೆಯ, ಚೆನ್ನಾಗಿ ಗೊತ್ತಿರುವ ದಾಳಿ. ಗೂಗಲ್ ಇದರ ಬಗ್ಗೆಯೇ ಪ್ರತ್ಯೇಕ ಮಾರ್ಗದರ್ಶಿಯನ್ನು ಪ್ರಕಟಿಸಿದೆ. ನಿಮ್ಮ ಮೇಲೆ ಯಾರಿಗೂ ದ್ವೇಷವಿಲ್ಲ. ಹಳೆಯ ಪ್ಲಗಿನ್ (ಸೈಟಿಗೆ ಹೆಚ್ಚುವರಿ ಸೌಲಭ್ಯ ಸೇರಿಸುವ ತಂತ್ರಾಂಶದ ತುಣುಕು) ಇರುವ ಸೈಟ್‌ಗಳನ್ನು ಯಂತ್ರಗಳು ಹಗಲು ರಾತ್ರಿ ಹುಡುಕುತ್ತಿರುತ್ತವೆ, ಸಿಕ್ಕ ಕಡೆ ನಕಲಿ ಸರಕಿನ ಪುಟಗಳನ್ನು ಸಾವಿರಗಟ್ಟಲೆ ಹುಟ್ಟಿಸುತ್ತವೆ. ನಿಮ್ಮ ವಿಳಾಸಕ್ಕೆ ಗೂಗಲ್‌ನಲ್ಲಿ ಇರುವ ಒಳ್ಳೆಯ ಹೆಸರೇ ಅವರಿಗೆ ಬೇಕಾದದ್ದು. ಆ ಪುಟವನ್ನು ನೀವೇ ತೆರೆದರೆ ‘ಪುಟ ಸಿಗಲಿಲ್ಲ’ ಎಂದು ಬರಬಹುದು, ಗೂಗಲ್‌ನ ಯಂತ್ರ ಬಂದಾಗ ಮಾತ್ರ ಜಪಾನಿ ಪುಟ ಹೊರಬರುತ್ತದೆ. ಹಾಗಾಗಿ ‘ನನಗೆ ಏನೂ ಕಾಣುತ್ತಿಲ್ಲ, ಸರಿಯಾಗಿದೆ’ ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳಬೇಡಿ. ಸೈಟಿನ ಮಾಲೀಕರಿಗೆಂದೇ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಸೇವೆಯಲ್ಲಿ ಪುಟದ ವಿಳಾಸ ಕೊಟ್ಟು ಪರೀಕ್ಷಿಸುವ ಸೌಲಭ್ಯವಿದೆ. ಗೂಗಲ್ ಕಂಡದ್ದೇನು ಎಂಬುದು ಅಲ್ಲಿ ತಿಳಿಯುತ್ತದೆ.

ಅದೇ ಕನ್ಸೋಲ್‌ನಲ್ಲಿ ‘ಮಾಲೀಕರು’ ಪಟ್ಟಿಯನ್ನು ತೆರೆದು ನೋಡಿ. ಈ ದಾಳಿಯಲ್ಲಿ ಹೊಕ್ಕವರು ತಮ್ಮನ್ನೂ ಮಾಲೀಕರೆಂದು ಸೇರಿಸಿಕೊಂಡಿರುವುದು ಸಾಮಾನ್ಯ. ಪರಿಚಯವಿಲ್ಲದ ಹೆಸರನ್ನು ತೆಗೆಯಿರಿ, ಅದರ ಜೊತೆಗೆ ಸೈಟಿನ ಫೋಲ್ಡರ್‌ನಲ್ಲಿ ಅವರು ಇಟ್ಟಿರುವ ದೃಢೀಕರಣದ ಫೈಲನ್ನೂ ಅಳಿಸಿ. ಫೈಲ್ ಉಳಿದರೆ ಮಾಲೀಕತ್ವ ಮತ್ತೆ ಪಡೆಯುತ್ತಾರೆ.

ಶುಚಿಗೊಳಿಸುವಾಗ ಹಾಳಾದ ಫೈಲ್‌ಗಳನ್ನು ಒಂದೊಂದಾಗಿ ಹುಡುಕಿ ತಿದ್ದುವ ದಾರಿಗೆ ಹೋಗಬೇಡಿ. ಒಂದು ತಪ್ಪಿಹೋದರೂ ಸಾಕು, ಮುಂದಿನ ತಿಂಗಳು ಮತ್ತೆ ಅದೇ. ವರ್ಡ್‌ಪ್ರೆಸ್‌ನ ಮೂಲ ಫೈಲ್‌ಗಳನ್ನು ಪೂರ್ತಿ ತೆಗೆದು ಅಧಿಕೃತ ಜಾಲತಾಣದಿಂದ ಹೊಸದನ್ನು ಹಾಕಬೇಕು. ಸೈಟಿಗೆ ರೂಪ ಕೊಡುವ ಥೀಮ್ ಮತ್ತು ಪ್ಲಗಿನ್‌ಗಳೂ ಹಾಗೆಯೇ. ಉಳಿಸಿಕೊಳ್ಳುವುದು ಡೇಟಾಬೇಸ್ (ಸೈಟಿನ ಮಾಹಿತಿಯೆಲ್ಲ ಇರುವ ಸಂಗ್ರಹ) ಮತ್ತು ನಿಮ್ಮ ಚಿತ್ರಗಳನ್ನು ಮಾತ್ರ. ಚಿತ್ರಗಳ ಫೋಲ್ಡರ್‌ನಲ್ಲಿ ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ ಕಂಪ್ಯೂಟರ್ ಭಾಷೆ) ಫೈಲ್ ಸಿಕ್ಕಿದರೆ ಅದು ಚಿತ್ರವಲ್ಲ, ಬಹುಪಾಲು ಹೊಕ್ಕವರು ಮತ್ತೆ ಒಳಬರಲು ಇಟ್ಟ ಕಳ್ಳಬಾಗಿಲು. ಡೇಟಾಬೇಸ್‌ನ ಬಳಕೆದಾರರ ಪಟ್ಟಿಯಲ್ಲಿ ಅಪರಿಚಿತ ಆಡಳಿತಗಾರರು ಇದ್ದಾರೆಯೇ ಎಂದೂ ನೋಡಿ. ಕೊನೆಗೆ ಹೋಸ್ಟಿಂಗ್ (ಸರ್ವರ್‌ನಲ್ಲಿ ಸೈಟ್ ಇಡಲು ಪಡೆದ ಬಾಡಿಗೆ ಜಾಗ), ಡೇಟಾಬೇಸ್, ವರ್ಡ್‌ಪ್ರೆಸ್, ಇ-ಮೇಲ್ ಎಲ್ಲದರ ಪಾಸ್‌ವರ್ಡ್ ಬದಲಿಸಿ, ಎರಡನೆಯ ಹಂತದ ದೃಢೀಕರಣ ಹಾಕಿ. ಇ-ಮೇಲ್ ಅನ್ನು ಮರೆಯಬೇಡಿ. ಉಳಿದ ಎಲ್ಲ ಪಾಸ್‌ವರ್ಡ್‌ಗಳನ್ನೂ ಮರುಹೊಂದಿಸುವ ದಾರಿ ಅದೇ.

ಒಂದು ಎಚ್ಚರಿಕೆ: ಆ ಜಪಾನಿ ವಿಳಾಸಗಳನ್ನು ರೋಬೋಟ್ಸ್ ಫೈಲ್‌ನಲ್ಲಿ (ಯಾವ ಪುಟಕ್ಕೆ ಬರಬಾರದೆಂದು ಹುಡುಕು ಯಂತ್ರಗಳಿಗೆ ಹೇಳುವ ಫೈಲ್) ತಡೆಹಿಡಿಯಲು ಯಾರಾದರೂ ಸಲಹೆ ಕೊಟ್ಟರೆ ಬೇಡವೆನ್ನಿ. ಗೂಗಲ್ ಬಂದು ‘404’ (ಪುಟ ಸಿಗಲಿಲ್ಲ) ಅಥವಾ ‘410’ (ಪುಟ ಶಾಶ್ವತವಾಗಿ ಹೋಗಿದೆ) ಕಂಡರೆ ಪಟ್ಟಿಯಿಂದ ತೆಗೆಯುತ್ತದೆ. ಬಾಗಿಲಲ್ಲೇ ತಡೆದರೆ ಪುಟ ಹೋಯಿತೆಂದು ಅದಕ್ಕೆ ತಿಳಿಯುವುದೇ ಇಲ್ಲ. ಪೂರ್ತಿ ಮಾಯವಾಗಲು ಕೆಲವು ವಾರಗಳು ಬೇಕು, ಗಾಬರಿಯಾಗಬೇಡಿ.

ನಿಮ್ಮಲ್ಲಿ ಎಷ್ಟು ಪ್ಲಗಿನ್‌ಗಳಿವೆ, ಪಿಎಚ್‌ಪಿ ಯಾವ ಆವೃತ್ತಿ, ಡೊಮೈನ್ (ಸೈಟಿನ ವಿಳಾಸ) ಯಾರ ಹೆಸರಿನಲ್ಲಿದೆ? ಈ ಮೂರನ್ನು ತಿಳಿಸಿ, ಮುಂದಿನದನ್ನು ಹೇಳುತ್ತೇನೆ.

ಹಂಪನಕಟ್ಟೆ ವ್ಯಾಪಾರಿ:

ನನ್ನದು ಬೇರೆ ಅಭಿಪ್ರಾಯ. ಇಷ್ಟೆಲ್ಲ ಕಷ್ಟ ಏಕೆ? ನಾನು ಒಣಮೀನು ಮತ್ತು ಮಸಾಲೆ ಪುಡಿ ಮಾರುವವನು, ವೆಬ್‌ಸೈಟ್ ಇಲ್ಲದೆಯೇ ವಾಟ್ಸಾಪ್ ಬ್ಯುಸಿನೆಸ್‌ನಲ್ಲಿ ಎಲ್ಲವೂ ನಡೆಯುತ್ತಿದೆ. ಸರಕಿನ ಪಟ್ಟಿ, ಬೆಲೆ, ಚಿತ್ರ ಎಲ್ಲ ಅಲ್ಲಿಯೇ ಇವೆ. ಸರ್ವರ್ ಇಲ್ಲ, ಪ್ಲಗಿನ್ ಇಲ್ಲ, ಹ್ಯಾಕ್ ಇಲ್ಲ. ಸಣ್ಣ ಉದ್ಯಮದವರು ಹಣವನ್ನು ಸರಕಿನ ಗುಣಮಟ್ಟಕ್ಕೆ ಹಾಕುವುದು ಒಳ್ಳೆಯದು.

ಕಲ್ಯಾಣಪುರದವಳು:

ಇಬ್ಬರಿಗೂ ಧನ್ಯವಾದ. ಕ್ಯೂಆರ್ ಕೋಡ್ ನಮ್ಮದೇ, ಖಾತೆ ಸಂಖ್ಯೆಯೂ ಸರಿಯಿದೆ. ದೊಡ್ಡ ಭಾರ ಇಳಿಯಿತು.

ವ್ಯಾಪಾರಿ ಅಣ್ಣಾ, ವಾಟ್ಸಾಪ್ ನಮ್ಮಲ್ಲೂ ಇದೆ, ಅರ್ಧ ವ್ಯವಹಾರ ಅಲ್ಲಿಯೇ ನಡೆಯುತ್ತದೆ. ಆದರೆ ಹೊಸ ಗಿರಾಕಿಗೆ ನಮ್ಮ ಸಂಖ್ಯೆ ಸಿಗುವುದು ಎಲ್ಲಿಂದ? ‘ಉಡುಪಿ ಹಲಸಿನ ಹಪ್ಪಳ’ ಎಂದು ಹುಡುಕಿದವರು ಬಂದು ತಲುಪುವುದು ಸೈಟಿಗೆ. ವಿಳಾಸ ನಮ್ಮದಾಗಿಯೇ ಇರಬೇಕೆಂಬುದು ಅತ್ತೆಯ ಹಟವೂ ಹೌದು.

ಬಿಜೈಯವರೇ, ನನ್ನ ಮಗಳು ಕುಳಿತು ನೋಡಿದಳು. ಪ್ಲಗಿನ್‌ಗಳು 37. ಪಿಎಚ್‌ಪಿ 7.4. ಆಡಳಿತಗಾರರ ಪಟ್ಟಿಯಲ್ಲಿ ನಮಗೆ ಗೊತ್ತಿಲ್ಲದ ಎರಡು ಹೆಸರುಗಳಿವೆ. ಚಿತ್ರಗಳ ಫೋಲ್ಡರ್‌ನಲ್ಲಿ ನೀವು ಹೇಳಿದಂಥ ಫೈಲ್‌ಗಳು ಇವೆ. ಥೀಮ್ ಹಣ ಕೊಟ್ಟು ಕೊಳ್ಳಬೇಕಾದದ್ದು, ಆದರೆ ನಮ್ಮದಕ್ಕೆ ಪರವಾನಗಿ ಕೀಲಿಯೇ ಇಲ್ಲ. ಡೊಮೈನ್ ನವೀಕರಣದ ಸೂಚನೆಗಳು ಸೈಟ್ ಮಾಡಿಕೊಟ್ಟವರ ಇ-ಮೇಲ್‌ಗೆ ಹೋಗುತ್ತವೆ, ನಮಗೆ ಬರುವುದಿಲ್ಲ. ಬ್ಯಾಕಪ್ ‘ಇದೆ’ ಎಂದು ಅವರು ಹೇಳುತ್ತಾರೆ.

ಬಿಜೈ ಸರ್ವರ್‌ಕೋಣೆ:

ಮಗಳು ಒಳ್ಳೆಯ ಕೆಲಸ ಮಾಡಿದ್ದಾಳೆ. ಈಗ ಚಿತ್ರ ಸ್ಪಷ್ಟವಾಯಿತು.

ಪರವಾನಗಿಯಿಲ್ಲದ ಥೀಮ್ ಎಂದರೆ ಎಲ್ಲಿಂದಲೋ ಇಳಿಸಿಕೊಂಡ ಕದ್ದ ಪ್ರತಿ ಎಂದೇ ನನ್ನ ಅನುಮಾನ. ಅಂಥ ಪ್ರತಿಗಳನ್ನು ಪುಕ್ಕಟೆ ಹಂಚುವವರು ಒಳಗೆ ಕಳ್ಳಬಾಗಿಲು ಇಟ್ಟೇ ಹಂಚುವುದುಂಟು. ತಿದ್ದುಪಡಿಗಳೂ ಬರುವುದಿಲ್ಲ. ಗಿರಾಕಿಗೆ ಹೇಳದೆ ಇದನ್ನು ಹಾಕಿಕೊಡುವುದು ನನ್ನ ವೃತ್ತಿಯವರು ಮಾಡುವ ದೊಡ್ಡ ಅನ್ಯಾಯ, ಇದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಪಿಎಚ್‌ಪಿ 7.4ಕ್ಕೆ ಸುರಕ್ಷತಾ ತಿದ್ದುಪಡಿ ನಿಂತದ್ದು 2022ರ ನವೆಂಬರ್‌ನಲ್ಲಿ. ಆ ಮೇಲೆ ಸಿಕ್ಕ ಲೋಪಗಳಿಗೆ ಪಿಎಚ್‌ಪಿ ತಂಡದಿಂದ ಮದ್ದಿಲ್ಲ.

37 ಪ್ಲಗಿನ್ ಎಂದರೆ ನಿಮಗೆ ಪರಿಚಯವೇ ಇಲ್ಲದ 37 ತಂಡಗಳು ಬರೆದ ಕೋಡ್ ನಿಮ್ಮ ಅಂಗಡಿಯೊಳಗೆ ಓಡಾಡುತ್ತಿದೆ. ನಿಮಗೆ ಬೇಕಾದದ್ದು ಏನು? ಸರಕಿನ ಪಟ್ಟಿ, ಬುಟ್ಟಿ, ಹಣ ಪಾವತಿ, ವಿಳಾಸ, ಕೊರಿಯರ್ ಮಾಹಿತಿ. ಐದಾರು ಪ್ಲಗಿನ್‌ಗಳಲ್ಲಿ ಮುಗಿಯುತ್ತದೆ. ಚಾಟ್ ಗುಳ್ಳೆ, ಹಾರುವ ಹೂವು, ಜಾರುವ ಚಿತ್ರಪಟ್ಟಿ, ಭೇಟಿಗಾರರ ಎಣಿಕೆ ಎಲ್ಲವನ್ನೂ ತೆಗೆಯಿರಿ. ನಿಷ್ಕ್ರಿಯಗೊಳಿಸಿದರೆ ಸಾಲದು, ಅಳಿಸಿ. ಮಲಗಿರುವ ಪ್ಲಗಿನ್‌ನ ಫೈಲ್‌ಗಳ ಮೂಲಕವೂ ಒಳಬರಲು ಆಗುತ್ತದೆ. ಉಳಿದವಕ್ಕೆ ಸ್ವಯಂ ನವೀಕರಣ ಹಾಕಿ.

ಚೌತಿಯ ಹೊತ್ತಿನ ‘508’ಕ್ಕೂ ಇದಕ್ಕೂ ಸಂಬಂಧವಿದೆ. ಅದು ಹಲವು ಸೈಟ್‌ಗಳು ಒಂದೇ ಸರ್ವರ್‌ನಲ್ಲಿರುವ ಹಂಚಿಕೆಯ ಹೋಸ್ಟಿಂಗ್‌ನಲ್ಲಿ ನಿಮ್ಮ ಪಾಲಿನ ಶಕ್ತಿ ಮುಗಿದಾಗ ಬರುವ ಸಂದೇಶ. ಆ ಶಕ್ತಿಯನ್ನು ತಿಂದವರು ಗಿರಾಕಿಗಳೇ ಎಂದು ಹೇಗೆ ನಂಬುವುದು? ಹೋಸ್ಟಿಂಗ್ ಫಲಕದಲ್ಲಿ ಲಾಗ್ (ಸೈಟಿಗೆ ಯಾರು ಯಾವಾಗ ಬಂದರೆಂಬ ದಾಖಲೆ) ತೆರೆದು ನೋಡಿ. ಇಂಥ ಸೈಟ್‌ಗಳಲ್ಲಿ ಲಾಗಿನ್ ಪುಟಕ್ಕೂ, ಹೊರಗಿನ ತಂತ್ರಾಂಶಗಳು ವರ್ಡ್‌ಪ್ರೆಸ್ ಜೊತೆ ವ್ಯವಹರಿಸಲು ಇರುವ ‘ಎಕ್ಸ್‌ಎಂಎಲ್‌ಆರ್‌ಪಿಸಿ’ ಎಂಬ ಫೈಲಿಗೂ ಪಾಸ್‌ವರ್ಡ್ ಊಹಿಸುವ ಯಂತ್ರಗಳು ಒಂದೇ ಸಮನೆ ಬಡಿಯುತ್ತಿರುತ್ತವೆ. ಪ್ರತಿ ಬಡಿತಕ್ಕೂ ನಿಮ್ಮ ಸರ್ವರ್ ಪಿಎಚ್‌ಪಿ ಓಡಿಸಿ, ಡೇಟಾಬೇಸ್ ಕೇಳಿ ಉತ್ತರಿಸಬೇಕು. ಅದರ ಮೇಲೆ ಸಾವಿರಾರು ಜಪಾನಿ ಪುಟಗಳನ್ನು ಓದಲು ಬರುವ ಹುಡುಕು ಯಂತ್ರಗಳು. ‘ಎಕ್ಸ್‌ಎಂಎಲ್‌ಆರ್‌ಪಿಸಿ’ಯನ್ನು ಮುಚ್ಚಿ, ಲಾಗಿನ್ ಪ್ರಯತ್ನಗಳಿಗೆ ಮಿತಿ ಹಾಕಿ, ಪುಟಗಳನ್ನು ಕ್ಯಾಶ್ ಮಾಡಿಡಿ. ಕ್ಯಾಶ್ ಇದ್ದರೆ ಹಪ್ಪಳದ ಪುಟವನ್ನು ಪ್ರತಿಯೊಬ್ಬರಿಗೂ ಹೊಸತಾಗಿ ಕಟ್ಟದೆ, ಒಮ್ಮೆ ಕಟ್ಟಿಟ್ಟದ್ದನ್ನೇ ಸರ್ವರ್ ಕೊಡುತ್ತದೆ. ಬುಟ್ಟಿ ಮತ್ತು ಪಾವತಿಯ ಪುಟಗಳನ್ನು ಮಾತ್ರ ಕ್ಯಾಶ್‌ನಿಂದ ಹೊರಗಿಡಿ, ಇಲ್ಲವಾದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಂಡೀತು. ಇಷ್ಟು ಮಾಡಿದ ಮೇಲೂ ನಿಂತರೆ ಆಗ ದೊಡ್ಡ ಸರ್ವರ್‌ನ ಮಾತು ಆಡೋಣ.

ಬ್ಯಾಕಪ್ ‘ಇದೆ’ ಎಂಬ ಮಾತನ್ನು ನಾನು ಯಾರಿಂದಲೂ ಒಪ್ಪುವುದಿಲ್ಲ. 2017ರ ಜನವರಿ 31ರಂದು, ತಂತ್ರಾಂಶಗಳ ಕೋಡ್ ಇಟ್ಟುಕೊಳ್ಳುವ ಸೇವೆಯಾದ ಗಿಟ್‌ಲ್ಯಾಬ್‌ನವರು ತಪ್ಪಿ ತಮ್ಮ ಮುಖ್ಯ ಡೇಟಾಬೇಸನ್ನು ಅಳಿಸಿದಾಗ, ಇದ್ದ ಬ್ಯಾಕಪ್ ವ್ಯವಸ್ಥೆಗಳಲ್ಲಿ ಹಲವು ಕೆಲಸ ಮಾಡುತ್ತಲೇ ಇರಲಿಲ್ಲವೆಂದು ಆಗ ತಿಳಿಯಿತು. ಸುಮಾರು ಆರು ಗಂಟೆಗಳ ಮಾಹಿತಿ ಹೋಯಿತು. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಹೋಸ್ಟಿಂಗ್ ಕಂಪನಿಯ ಡೇಟಾ ಸೆಂಟರ್ ಹೊತ್ತಿ ಉರಿದಾಗ, ಬ್ಯಾಕಪ್ಪನ್ನೂ ಅದೇ ಜಾಗದಲ್ಲಿ ಇಟ್ಟಿದ್ದ ಹಲವರಿಗೆ ಏನೂ ಉಳಿಯಲಿಲ್ಲ. ಹಾಗಾಗಿ ಒಂದು ಪ್ರತಿ ಹೋಸ್ಟಿಂಗ್‌ನಿಂದ ಹೊರಗೆ, ನಿಮ್ಮ ಕೈಗೆ ಸಿಗುವ ಕಡೆ ಇರಲಿ. ವಾರಕ್ಕೊಮ್ಮೆ ನಿಮ್ಮ ಕ್ಲೌಡ್ ಖಾತೆಗೆ, ತಿಂಗಳಿಗೊಮ್ಮೆ ಹಾರ್ಡ್ ಡಿಸ್ಕ್‌ಗೆ. ಹಬ್ಬದ ಮೊದಲು ದಿನಾಲೂ. ಮತ್ತು ಅದನ್ನು ಒಮ್ಮೆ ಬೇರೆ ಕಡೆ ಬಿಚ್ಚಿ, ಸೈಟ್ ಎದ್ದು ನಿಲ್ಲುತ್ತದೆಯೇ ಎಂದು ಮಗಳಿಂದ ಪರೀಕ್ಷೆ ಮಾಡಿಸಿ. ಒಂದು ಮಾತು ನೆನಪಿರಲಿ, ಈಗಿರುವ ಬ್ಯಾಕಪ್‌ಗಳಲ್ಲೂ ಕಳ್ಳಬಾಗಿಲು ಇರಬಹುದು. ಶುಚಿ ಮಾಡಿದ ಮೇಲೆ ತೆಗೆದದ್ದನ್ನೇ ನಂಬಿ.

ಡೊಮೈನ್ ವಿಷಯಕ್ಕೆ ನಾಳೆ ಬರುತ್ತೇನೆ, ಅದಕ್ಕೆ ಸಮಾಧಾನದಿಂದ ಬರೆಯಬೇಕು.

ಮಣಿಪಾಲ ವಿನ್ಯಾಸಕಿ:

ವೇಗದ ಬಗ್ಗೆ ನಾನು ಸೇರಿಸುತ್ತೇನೆ. ಅಕ್ಕ, ನಿಮ್ಮ ಚಿತ್ರಗಳನ್ನು ಮೊಬೈಲ್‌ನಿಂದ ತೆಗೆದು ಹಾಗೆಯೇ ಏರಿಸಿದ್ದೀರಾ? ಹಾಗಿದ್ದರೆ ಒಂದೊಂದೂ ನಾಲ್ಕೈದು ಎಂಬಿ ಇರುತ್ತದೆ. ಮಾಂಬಳದ ಚಿತ್ರ ಮೊಬೈಲ್ ಪರದೆಯಲ್ಲಿ ಚೆನ್ನಾಗಿ ಕಾಣಲು ಅಗಲ 1200 ಪಿಕ್ಸೆಲ್ ಧಾರಾಳ ಸಾಕು. ವೆಬ್‌ಪಿ ಎಂಬ ಹಗುರವಾದ ಚಿತ್ರರೂಪಕ್ಕೆ ಬದಲಿಸಿದರೆ ಸಾಮಾನ್ಯವಾಗಿ 200 ಕೆಬಿಯೊಳಗೆ ಬರುತ್ತದೆ. ಪರದೆಯ ಕೆಳಗಿರುವ ಚಿತ್ರಗಳು ಜಾರಿಸಿದಾಗ ಮಾತ್ರ ಇಳಿಯುವಂತೆ ಮಾಡಿ. ಆದರೆ ಮೇಲಿನ ಮೊದಲ ದೊಡ್ಡ ಚಿತ್ರಕ್ಕೆ ಅದನ್ನು ಹಾಕಬೇಡಿ, ಹಾಕಿದರೆ ಪುಟ ಇನ್ನೂ ತಡವಾಗಿ ಕಾಣುತ್ತದೆ. ಗೂಗಲ್‌ನ ಅಳತೆಯಲ್ಲಿ ಮುಖ್ಯ ಚಿತ್ರ ಅಥವಾ ಬರಹ 2.5 ಸೆಕೆಂಡಿನೊಳಗೆ ಕಂಡರೆ ಒಳ್ಳೆಯದು.

ಕನ್ನಡ ಅಕ್ಷರಶೈಲಿಯ ಬಗ್ಗೆ ಯಾರೂ ಹೇಳುವುದಿಲ್ಲ. ಒತ್ತಕ್ಷರ, ಗುಣಿತಾಕ್ಷರಗಳೆಲ್ಲ ಸೇರುವುದರಿಂದ ಕನ್ನಡ ಫಾಂಟ್ ಇಂಗ್ಲಿಷ್ ಫಾಂಟ್‌ಗಿಂತ ಭಾರ. ನಿಮ್ಮ ಥೀಮ್ ಮೂರು ನಾಲ್ಕು ದಪ್ಪಗಳಲ್ಲಿ ಅದನ್ನು ಇಳಿಸುತ್ತಿದ್ದರೆ ಗಿರಾಕಿ ಅಷ್ಟನ್ನೂ ಕಾಯಬೇಕು. ಈಗಿನ ಆಂಡ್ರಾಯ್ಡ್ ಮತ್ತು ಐಫೋನ್‌ಗಳಲ್ಲಿ ಕನ್ನಡ ಫಾಂಟ್ ಮೊದಲೇ ಇದೆ. ಅದನ್ನೇ ಬಳಸಿ, ಅಂಗಡಿಯ ಹೆಸರಿಗೆ ಮಾತ್ರ ಬೇಕಾದರೆ ಚಿತ್ರ ಮಾಡಿಸಿ.

ಸರ್ವರ್ ಯಾವ ದೇಶದಲ್ಲಿದೆ ಎಂಬುದನ್ನೂ ಕೇಳಿ ತಿಳಿಯಿರಿ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಅಮೆರಿಕದ ಪೂರ್ವ ಕರಾವಳಿ ಇಲ್ಲಿಂದ 13,000 ಕಿಲೋಮೀಟರಿಗೂ ದೂರ. ನೇರ ದಾರಿ ಇದ್ದರೂ ಹೋಗಿ ಬರಲು ಕನಿಷ್ಠ 130 ಮಿಲಿಸೆಕೆಂಡ್. ಸುರಕ್ಷಿತ ಸಂಪರ್ಕ ಏರ್ಪಟ್ಟು ಮೊದಲ ಅಕ್ಷರ ಬರುವ ಮೊದಲು ಇಂಥ ಓಡಾಟ ಸಾಮಾನ್ಯವಾಗಿ ಮೂರು ಬೇಕು. ಮುಂಬೈಯಲ್ಲಿ ಸರ್ವರ್ ಇದ್ದರೆ ದೂರ ಸುಮಾರು 700 ಕಿಲೋಮೀಟರ್ ಮಾತ್ರ. ಗಲ್ಫ್‌ನ ಗಿರಾಕಿಗಳಿಗೂ ಮುಂಬೈಯೇ ಹತ್ತಿರ.

ಸಂತೆಕಟ್ಟೆ ಹುಡುಗ:

ಮನೆಯಲ್ಲಿಯೇ ಒಂದು ಹಳೆಯ ಕಂಪ್ಯೂಟರ್‌ನಲ್ಲಿ ಸರ್ವರ್ ಇಟ್ಟರೆ ಹೇಗೆ? ಫೈಬರ್ ಸಂಪರ್ಕ ಇದೆಯಲ್ಲ, ಬಾಡಿಗೆ ಉಳಿಯುತ್ತದೆ.

ಬಿಜೈ ಸರ್ವರ್‌ಕೋಣೆ:

ಕಲಿಯಲು ಇಡಿ, ಖಂಡಿತ ಇಡಿ. ಅಂಗಡಿಗೆ ಬೇಡ. ನಮ್ಮ ಮಳೆಗಾಲ ನಿಮಗೂ ಗೊತ್ತು: ಒಂದು ಸಿಡಿಲು, ತಂತಿಯ ಮೇಲೆ ಬಿದ್ದ ಒಂದು ತೆಂಗಿನ ಮಡಲು, ರಸ್ತೆ ಅಗೆಯುವಾಗ ತುಂಡಾದ ಫೈಬರ್ ಇಷ್ಟರಲ್ಲಿ ಯಾವುದಾದರೂ ಸಾಕು. ಹೋಸ್ಟಿಂಗ್ ಕಂಪನಿಗಳು ಹೇಳುವ 99.9 ಶೇಕಡಾ ಎಂದರೆ ವರ್ಷಕ್ಕೆ 8 ಗಂಟೆ 45 ನಿಮಿಷದಷ್ಟು ನಿಲುಗಡೆ. ಮನೆಯಲ್ಲಿ ಅದು ಜೂನ್ ತಿಂಗಳ ಒಂದೇ ರಾತ್ರಿಯಲ್ಲಿ ಖರ್ಚಾಗಿಬಿಡುತ್ತದೆ. ಬೇಡಿಕೆ ಹೆಚ್ಚು ಬರುವ ಕಾಲವೂ ಅದರ ಬೆನ್ನಿಗೇ ಇದೆ.

ಅಕ್ಕ, ಸೈಟ್ ನಿಂತದ್ದು ಗಿರಾಕಿ ಹೇಳಿದ ಮೇಲೆ ತಿಳಿಯಬಾರದು. ಐದು ನಿಮಿಷಕ್ಕೊಮ್ಮೆ ಹೊರಗಿನಿಂದ ನೋಡಿ, ನಿಂತರೆ ಇ-ಮೇಲ್ ಕಳುಹಿಸುವ ಉಚಿತ ಸೇವೆಗಳಿವೆ, ಒಂದನ್ನು ಹಾಕಿಕೊಳ್ಳಿ. ಅದರಲ್ಲೇ, ಸುರಕ್ಷಿತ ಸಂಪರ್ಕಕ್ಕೆ ಸೈಟಿಗೆ ಬೇಕಾದ ಪ್ರಮಾಣಪತ್ರದ ಅವಧಿಯನ್ನೂ ನೋಡುವ ಸೌಲಭ್ಯವಿದ್ದರೆ ಇನ್ನೂ ಒಳ್ಳೆಯದು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಕೊಡುವ ಉಚಿತ ಪ್ರಮಾಣಪತ್ರ 90 ದಿನಗಳದ್ದು. ಪ್ರಮಾಣಪತ್ರಗಳ ಗರಿಷ್ಠ ಅವಧಿ 2029ರ ಮಾರ್ಚ್ ಹೊತ್ತಿಗೆ 47 ದಿನಗಳಿಗೆ ಇಳಿಯಬೇಕೆಂದು 2025ರಲ್ಲಿ ತೀರ್ಮಾನವಾಗಿದೆ. ಇನ್ನು ಮುಂದೆ ಕೈಯಿಂದ ನವೀಕರಿಸುವ ಮಾತೇ ಇಲ್ಲ, ಸ್ವಯಂಚಾಲಿತ ನವೀಕರಣ ಇರುವ ಹೋಸ್ಟಿಂಗನ್ನೇ ಆಯ್ದುಕೊಳ್ಳಿ.

ವ್ಯಾಪಾರಿಯವರ ಮಾತಿನಲ್ಲಿ ಸತ್ಯವಿದೆ, ಅವರದು ಚೊಕ್ಕ ವ್ಯವಸ್ಥೆ. ಆದರೆ ಖಾತೆ ಬೇರೆಯವರ ಜಾಗದಲ್ಲಿದೆ, ಅವರು ಮುಚ್ಚಿದ ದಿನ ಗಿರಾಕಿಗಳಿಗೆ ತೋರಿಸಲು ಬೇರೆ ವಿಳಾಸವಿಲ್ಲ. ಎರಡೂ ಇರಲಿ ಎನ್ನುವುದು ನನ್ನ ಸಲಹೆ.

ಈಗ ಡೊಮೈನ್. ಇದನ್ನು ಶುಚಿಗೊಳಿಸುವ ಕೆಲಸದ ಜೊತೆಜೊತೆಗೇ ಮಾಡಿ. ಸೈಟ್ ಹಾಳಾದರೆ ಬ್ಯಾಕಪ್‌ನಿಂದ ಮತ್ತೆ ಕಟ್ಟಬಹುದು. ವಿಳಾಸವೇ ಕೈತಪ್ಪಿದರೆ ಮುಂಬೈಯ ಆ ಗಿರಾಕಿ ನಿಮ್ಮನ್ನು ಹುಡುಕುವುದು ಎಲ್ಲಿ?

ಕಲ್ಯಾಣಪುರದವಳು:

ಅದೇ ನನ್ನ ಭಯ. ಅವರನ್ನು ಕೇಳಿದೆ. ವಾರ್ಷಿಕ ಹಣ ಕೊಟ್ಟರೆ ಮಾತ್ರ ಡೊಮೈನ್ ಬಿಟ್ಟುಕೊಡುತ್ತೇವೆ ಎಂದರು. ಮೊದಲ ವರ್ಷದ ಬಿಲ್ಲಿನಲ್ಲಿ ‘ಡೊಮೈನ್ ನೋಂದಣಿ’ ಎಂದು ಪ್ರತ್ಯೇಕ ಹಣ ತೆಗೆದುಕೊಂಡಿದ್ದಾರೆ, ಬಿಲ್ಲು ಅತ್ತೆಯ ಕಪಾಟಿನಲ್ಲಿದೆ.

ಬಿಜೈ ಸರ್ವರ್‌ಕೋಣೆ:

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಆ ಬಿಲ್ಲು ಬಹಳ ಬೆಲೆಬಾಳುತ್ತದೆ, ಅದರ ಚಿತ್ರ ತೆಗೆದು ಎರಡು ಕಡೆ ಇಡಿ.

ಜಗಳವಾಡಬೇಡಿ, ಫೋನ್‌ನಲ್ಲಿ ಮಾತಾಡುವುದನ್ನೂ ನಿಲ್ಲಿಸಿ. ಇ-ಮೇಲ್ ಬರೆಯಿರಿ: ಇಂಥ ಬಿಲ್ಲಿನ ಪ್ರಕಾರ ಡೊಮೈನ್‌ಗೆ ನಾವು ಹಣ ಕೊಟ್ಟಿದ್ದೇವೆ, ನೋಂದಣಿದಾರರ ಹೆಸರು ಮತ್ತು ಇ-ಮೇಲನ್ನು ನಮ್ಮದಕ್ಕೆ ಬದಲಿಸಿ, ವರ್ಗಾವಣೆಯ ಸಂಕೇತವನ್ನು ಕೊಡಿ ಎಂದು. ಉತ್ತರಿಸಲು ಒಂದು ವಾರದ ಗಡುವು ಹಾಕಿ. ಜೊತೆಗೆ ಡೊಮೈನ್ ಯಾವ ರಿಜಿಸ್ಟ್ರಾರ್ (ಡೊಮೈನ್ ನೋಂದಾಯಿಸುವ ಕಂಪನಿ) ಬಳಿ ಇದೆಯೆಂದು, ಡೊಮೈನ್‌ಗಳ ನೋಂದಣಿ ವಿವರ ತೋರಿಸುವ ‘ಹೂ ಈಸ್’ ಹುಡುಕಾಟದಲ್ಲಿ ನೋಡಿ, ಅವಧಿ ಮುಗಿಯುವ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ. ಅವರು ಒಪ್ಪದಿದ್ದರೆ ಬಿಲ್ಲಿನ ಪ್ರತಿಯೊಂದಿಗೆ ರಿಜಿಸ್ಟ್ರಾರ್‌ಗೆ ದೂರು ಕೊಡಿ. ನಿಮ್ಮದು ‘ಡಾಟ್ ಇನ್’ ವಿಳಾಸವಾಗಿದ್ದರೆ, ಆ ವಿಳಾಸಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ವಿವಾದ ಪರಿಹಾರ ವ್ಯವಸ್ಥೆಯೂ ಇದೆ, ಆದರೆ ಅದಕ್ಕೆ ಶುಲ್ಕವೂ ಸಮಯವೂ ಬೇಕು. ಅಲ್ಲಿಗೆ ಹೋಗುವ ಮೊದಲು ಒಬ್ಬ ವಕೀಲರ ನೋಟಿಸ್ ಸಾಕಾಗುವ ಸಾಧ್ಯತೆ ಹೆಚ್ಚು.

ಕೈಗೆ ಬಂದ ಮೇಲೆ ಅತ್ತೆಯ ಅಥವಾ ಉದ್ಯಮದ ಹೆಸರಿಗೆ ಮಾಡಿಸಿ, ಸ್ವಯಂ ನವೀಕರಣ ಹಾಕಿ, ವರ್ಗಾವಣೆಗೆ ಬೀಗ ಹಾಕಿ. ಶುಚಿಗೊಳಿಸುವಾಗ ಮಗಳಿಗೆ ಎಲ್ಲಿಯಾದರೂ ಸಂಶಯ ಬಂದರೆ, ಫೈಲನ್ನು ಅಳಿಸುವ ಮೊದಲು ಅದರ ಹೆಸರನ್ನೂ ಇರುವ ಜಾಗವನ್ನೂ ಇಲ್ಲಿ ಬರೆಯಲಿ. ಪಾಸ್‌ವರ್ಡ್ ಮಾತ್ರ ಬರೆಯಬಾರದು. ಶನಿವಾರ ಸಂಜೆ ನಾನು ಬಿಡುವಾಗಿರುತ್ತೇನೆ, ನೋಡಿ ಹೇಳುತ್ತೇನೆ.